ಅಣ್ಣನ ಕೋವಿ ಎಡಕ್ಕೆ ವಾಲಿದ್ದು

ಆ ಬೀದಿಯಲ್ಲಿ ಯಾವುದು ನೇರ, ಯಾವುದು ಸೊಟ್ಟ ಎಂಬ ತಕರಾರು ಹುಟ್ಟಿದರೆ ಜನ ಕಟ್ಟಿನವನನ್ನು ಕರೆಯುತ್ತಿದ್ದರು. ಫೋಟೋಗಳಿಗೆ ಮರದ ಕಟ್ಟು ಹಾಕಿ, ಗಾಜು ಕೂರಿಸಿ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ಬರುವುದು ಅವನ ಕಸುಬು. ಅವನ ಜೇಬಿನಲ್ಲಿ ಸದಾ ಒಂದು ರಸಮಟ್ಟ ಇರುತ್ತಿತ್ತು: ಬೆರಳುದ್ದದ ಗಾಜಿನ ಕೊಳವೆ, ಅದರೊಳಗೆ ಹಸಿರು ನೀರು, ನೀರಿನಲ್ಲಿ ಒಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ನೇರ, ಸರಿದರೆ ಸೊಟ್ಟ. ಮನುಷ್ಯರನ್ನು ಅಳೆಯಲು ಇಂಥದೊಂದು ಉಪಕರಣವನ್ನು ದೇವರು ಕೊಡಲಿಲ್ಲ; ಗೋಡೆಗಳಿಗಾದರೂ ಕೊಟ್ಟನಲ್ಲ ಎಂದು ಕಟ್ಟಿನವನು ಸಮಾಧಾನಪಟ್ಟುಕೊಂಡಿದ್ದ. ಊಟಕ್ಕೆ ಕರೆದವರ ಮನೆಯಲ್ಲೂ ಮೊದಲು ಕ್ಯಾಲೆಂಡರನ್ನು ನೆಟ್ಟಗೆ ಮಾಡಿ ಆಮೇಲೆ ಎಲೆಯ ಮುಂದೆ ಕೂರುವವನು ಅವನು.

ಅಂಥವನು ಎಡಕ್ಕೆ ವಾಲಿಹೋದ ಕಥೆ ಇದು. ನಗುವವರು ನಗಬಹುದು, ಅಡ್ಡಿಯಿಲ್ಲ. ಆದರೆ ಶುರುವಾಗುವುದು ಒಂದು ಸಾವಿನಿಂದ.

ಅವನಿಗೆ ಒಬ್ಬ ಅಣ್ಣನಿದ್ದ, ಶಾಲೆಯ ಡ್ರಿಲ್ ಮಾಸ್ತರ. ವಯಸ್ಸಿನಲ್ಲಿ ಬಹಳ ದೊಡ್ಡವನು. ತಂದೆ ಇಲ್ಲದ ಮನೆಯಲ್ಲಿ ತಮ್ಮನನ್ನು ಎತ್ತಿ ಆಡಿಸಿದವನೂ ಅವನೇ, ಕಿವಿ ಹಿಂಡಿ ಕಸುಬಿಗೆ ಹಚ್ಚಿದವನೂ ಅವನೇ. ಮಾಸ್ತರನಿಗೆ ಇದ್ದ ಒಂದೇ ಚಟವೆಂದರೆ ಗುರಿ ಹೊಡೆಯುವುದು. ಊರಾಚೆಯ ಹಳೆಯ ಗೋದಾಮಿನಲ್ಲಿ ಗುರಿಗಾರರ ಕ್ಲಬ್ಬು ಇತ್ತು. ಅಲ್ಲಿ ಗಾಳಿಯ ಒತ್ತಡದಿಂದ ಹಾರುವ ಸೀಸದ ಗುಂಡನ್ನು ಕಾಗದದ ಮೇಲಿನ ಕಪ್ಪು ಬೊಟ್ಟಿಗೆ ಹೊಡೆಯುವ ಪಂದ್ಯಗಳು ನಡೆಯುತ್ತಿದ್ದವು. ಗುಬ್ಬಿಯನ್ನೂ ಕೊಲ್ಲದ ಕೋವಿ; ಆದರೆ ಮಾಸ್ತರ ಅದನ್ನು ಹೆಗಲಿಗೇರಿಸಿ ಬೀದಿಯಲ್ಲಿ ನಡೆದರೆ ನಾಯಿಗಳು ಸುಮ್ಮನಾಗುತ್ತಿದ್ದವು.

ಸಂಜೆಯಾದರೆ ಅವನು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದ. ಕೋವಿಯ ಹಿಂಭಾಗದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ, ಆ ಕಿಂಡಿಯನ್ನು ಕೂದಲೆಳೆಯಷ್ಟು ಎಡಕ್ಕೋ ಬಲಕ್ಕೋ ಸರಿಸಲು ಒಂದು ಪುಟ್ಟ ತಿರುಪು. ತಿರುಗಿಸಿದಾಗಲೆಲ್ಲ ಅದು ಟಕ್ ಎನ್ನುತ್ತಿತ್ತು. ಕಳೆದ ವರ್ಷ ಒಂದು ಸಂಜೆ ಅವನು ಹಾಗೆಯೇ ಕೂತಿದ್ದಾಗ ಪ್ರಾಣ ಹೋಯಿತು. ಕೂಗಲಿಲ್ಲ, ನರಳಲಿಲ್ಲ. ಒಲೆಯ ಮುಂದಿದ್ದ ಹೆಂಡತಿಗೆ ಗೊತ್ತಾದದ್ದು ಆ ಸದ್ದು ನಿಂತದ್ದರಿಂದ.

ಅಣ್ಣನ ಫೋಟೋಗೆ ಕಟ್ಟು ಹಾಕುವ ಕೆಲಸ ತಮ್ಮನ ಪಾಲಿಗೆ ಬಂತು. ಎಷ್ಟೋ ಮನೆಗಳ ಸತ್ತವರನ್ನು ಅವನು ಗಾಜಿನೊಳಗೆ ಕೂರಿಸಿದ್ದ. ಗಾಜನ್ನು ಎರಡೆರಡು ಸಲ ಒರೆಸಿದ್ದು ಇದೊಂದೇ ಸಲ. ಗೋಡೆಗೆ ತೂಗುಹಾಕಿ ರಸಮಟ್ಟ ಇಟ್ಟು ನೋಡಿದ. ಗುಳ್ಳೆ ನಡುವೆಯೇ ನಿಂತಿತ್ತು. ಅದನ್ನು ನೋಡುತ್ತ ಅವನು ನಿಂತೇ ಇದ್ದ. ಕಣ್ಣಿನಲ್ಲಿ ಒಂದು ಹನಿಯೂ ಬರಲಿಲ್ಲ. ನೆಂಟರು ಅದನ್ನು ಗಮನಿಸಿದರು; ನೆಂಟರು ಬರುವುದೇ ಅದಕ್ಕೆ.

"ಕಲ್ಲು ಮನಸ್ಸು ಕಣ್ರೀ" ಎಂದಳೊಬ್ಬ ಚಿಕ್ಕಮ್ಮ. "ಸಾಕಿದ ಅಣ್ಣ ಹೋದ್ರೂ ಮೊಳೆ ನೆಟ್ಟಗಿದೆಯಾ ಅಂತ ನೋಡ್ತಿದಾನೆ."

ಕೆಲವು ತಿಂಗಳು ಕಳೆದವು. ಮಾಸ್ತರನ ಹೆಸರಿನಲ್ಲಿ ಕ್ಲಬ್ಬಿನವರು ಒಂದು ಪಂದ್ಯ ಇಟ್ಟುಕೊಂಡಿದ್ದಾರೆ ಎಂಬ ಸುದ್ದಿ ಬಂತು. ಕಟ್ಟಿನವನ ತಲೆಗೆ ಒಂದು ವಿಚಾರ ಹೊಕ್ಕಿತು. ಅಣ್ಣನ ಕೋವಿಯಿಂದಲೇ ತಾನು ಆ ಪಂದ್ಯದಲ್ಲಿ ಗುರಿ ಹೊಡೆಯಬೇಕು. ಅವನು ಅತ್ತಿಗೆಯ ಮನೆಗೆ ಹೋದ.

ಅತ್ತಿಗೆ ಮಾತು ಕಡಿಮೆಯ ಹೆಂಗಸು. ಗಂಡ ಹೋದ ಮೇಲೆ ಇನ್ನೂ ಕಡಿಮೆಯಾಗಿತ್ತು. ಕೋವಿಯನ್ನು ತಂದು ಮೇಜಿನ ಮೇಲಿಟ್ಟಳು. ಆದರೆ ಅದರ ಮೇಲಿನ ಕೈ ತೆಗೆಯಲಿಲ್ಲ.

"ಒಯ್ದರೆ ಒಯ್ಯಿ. ಆದ್ರೆ ಈ ತಿರುಪು ನೋಡು, ಇದನ್ನ ಆಗಾಗ…"

"ಅಯ್ಯೋ ಅತ್ತಿಗೆ! ಮುಟ್ತೀನಾ ನಾನು ಅದನ್ನ?" ಎಂದು ಕಟ್ಟಿನವನು ನಡುವೆಯೇ ಬಾಯಿ ಹಾಕಿದ. "ಅಣ್ಣನ ಬೆರಳು ಕೊನೇ ಸಲ ಮುಟ್ಟಿದ್ದು ಅದನ್ನೇ ಅಲ್ವಾ? ಅವನು ಎಲ್ಲಿಗೆ ತಿರುಗಿಸಿಟ್ಟು ಹೋದನೋ ಅಲ್ಲೇ ಇರುತ್ತೆ. ನನ್ನಾಣೆ."

ಜೇಬಿನಿಂದ ಕಟ್ಟಿನ ಹಿಂಬದಿಗೆ ಅಂಟಿಸುವ ಕಂದು ಕಾಗದದ ಪಟ್ಟಿ ತೆಗೆದು, ನಾಲಿಗೆಗೆ ತಾಗಿಸಿ, ಅಲ್ಲೇ ಅವಳೆದುರಿಗೇ ತಿರುಪಿನ ಸುತ್ತ ಗಟ್ಟಿಯಾಗಿ ಸುತ್ತಿದ. ಅತ್ತಿಗೆ ಅವನ ಮುಖ ನೋಡಿದಳು, ಕಾಗದದ ಪಟ್ಟಿ ನೋಡಿದಳು, ಕೈ ತೆಗೆದಳು. ಅವಳು ಹೇಳಲು ಹೊರಟದ್ದನ್ನು ಆ ಹೊತ್ತಿಗೆ ಕೇಳಿಸಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಊರಿಗೆ ಎಷ್ಟೋ ನಷ್ಟವಾಗುತ್ತಿತ್ತು.

ಕ್ಲಬ್ಬಿನಲ್ಲಿ ಹೊಸಬರಿಗೆ ಗುರಿ ಕಲಿಸುವ ಕೋಚು ಒಬ್ಬನಿದ್ದ. ಹಿಂದೆ ಸೈನ್ಯದಲ್ಲಿ ಅಡುಗೆಯವನಾಗಿದ್ದ. ಅದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕಟ್ಟಿನವನು ತನ್ನ ಸ್ವಭಾವದಂತೆ ಕೋವಿಯನ್ನು ಗೂಟ ಹೊಡೆದ ಹಾಗೆ ನೆಟ್ಟಗೆ ಹಿಡಿದು ಹೊಡೆದ. ಗುಂಡು ಕಪ್ಪು ಬೊಟ್ಟನ್ನು ಬಿಟ್ಟು ಬಲಕ್ಕೆ, ತುಸು ಮೇಲಕ್ಕೆ ಹೋಗಿ ಬಿತ್ತು. ಮತ್ತೆ ಹೊಡೆದ. ಮತ್ತೆ ಬಲಕ್ಕೆ, ಮೇಲಕ್ಕೆ.

"ಹಾಗೇ ಆಗೋದು" ಎಂದ ಕೋಚು. "ಮಾಸ್ತರು ನಿಮ್ಮ ಹಾಗೆ ನೆಟ್ಟಗೆ ಹಿಡೀತಿರಲಿಲ್ಲ. ಎಡಗಡೆಗೆ ಒಂಚೂರು ವಾಲಿಸ್ತಿದ್ರು, ಕೆನ್ನೆಗೆ ಒರಗೋ ಹಾಗೆ. ಕೋವಿ ಯಾವ ಕಡೆ ವಾಲುತ್ತೋ ಗುಂಡು ಆ ಕಡೆಗೇ ಸರಿಯುತ್ತೆ, ಸ್ವಲ್ಪ ಕೆಳಗೂ ಬೀಳುತ್ತೆ. ಅದನ್ನ ಸರಿದೂಗಿಸೋಕೆ ಅವರು ಕಿಂಡಿಯನ್ನ ಬಲಕ್ಕೆ ಕೂರಿಸಿಕೊಂಡಿದ್ರು. ಈಗ ನೀವು ನೆಟ್ಟಗೆ ಹಿಡಿದ್ರೆ ಅದು ಬಲಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗುತ್ತೆ?"

"ಹಾಗಾದ್ರೆ ವಾಲಿಸೋದು ತಪ್ಪಲ್ವಾ?"

"ತಪ್ಪೇನಿಲ್ಲ. ಎಷ್ಟು ಬೇಕಾದ್ರೂ ವಾಲಿಸಿ. ಆದ್ರೆ ಪ್ರತಿ ಸಲ ಅಷ್ಟೇ ವಾಲಿಸಬೇಕು. ಒಂದ್ಸಲ ಹೀಗೆ ಒಂದ್ಸಲ ಹಾಗೆ ಅಂದ್ರೆ ಕೆಟ್ಟಿರಿ. ಅದೆಲ್ಲ ಯಾಕೆ? ಆ ತಿರುಪನ್ನ ನಾಲ್ಕು ಟಕ್ ಎಡಕ್ಕೆ ತಿರುಗಿಸಿ, ಮುಗೀತು. ಕೊಡಿ ಇಲ್ಲಿ."

ಕಟ್ಟಿನವನು ಹಸುಗೂಸನ್ನು ಕಳ್ಳನಿಂದ ಕಾಪಾಡುವ ತಾಯಿಯಂತೆ ಕೋವಿಯನ್ನು ಎದೆಗೆ ಅವುಚಿಕೊಂಡ.

"ಕೈ ಹಚ್ಚಬೇಡಿ! ಅದು ಅಣ್ಣ ಕೂರಿಸಿಟ್ಟದ್ದು. ತಿರುಪು ಬದಲಾಗೋದಿಲ್ಲ. ನಾನು ಬದಲಾಗ್ತೀನಿ."

ಇಂಥ ಮಾತನ್ನು ಮಹಾತ್ಮರು ಆಡಿದರೆ ಲೋಕಕ್ಕೆ ಒಳ್ಳೆಯದಾಗುತ್ತದೆ. ಕಟ್ಟಿನವನು ಆಡಿದ್ದರಿಂದ ಅವನ ಕತ್ತಿಗೆ ಆಗಬಾರದ್ದು ಆಯಿತು.

ಎಷ್ಟು ವಾಲಿಸಬೇಕು? ಅದು ತಿಳಿದಿದ್ದವನು ಗೋಡೆಯ ಮೇಲಿದ್ದ. ಕಟ್ಟಿನವನು ಒಂಚೂರು ವಾಲಿಸಿದ. ಗುಂಡು ಇನ್ನೂ ಬಲಕ್ಕೇ. ಇನ್ನಷ್ಟು ವಾಲಿಸಿದ. ಇನ್ನೂ ಬಲಕ್ಕೇ. ಕೊನೆಗೆ ಕೋವಿ ಅವನ ಕೆನ್ನೆಯ ಮೇಲೆ ಮಲಗಿ, ಎಡಗಿವಿ ಎಡಭುಜವನ್ನು ಮುಟ್ಟಿ, ಮೂಗು ಕಂಕುಳಿನ ದಿಕ್ಕಿಗೆ ತಿರುಗಿದಾಗ ಗುಂಡು ಕಪ್ಪು ಬೊಟ್ಟಿನ ನಡುವೆ ಹೋಗಿ ಕೂತಿತು.

"ಸಿಕ್ತು!" ಎಂದ ಕಟ್ಟಿನವನು, ಕಂಕುಳಿನೊಳಗಿಂದ.

"ಸ್ವಾಮಿ, ಮಾಸ್ತರು ಇಷ್ಟೊಂದು ವಾಲ್ತಿರಲಿಲ್ಲ" ಎಂದ ಕೋಚು. "ಇಷ್ಟು ವಾಲಿದ್ರೆ ನಾವು ಅವರನ್ನ ಎತ್ತಿಕೊಂಡು ಆಸ್ಪತ್ರೆಗೆ ಹೋಗ್ತಿದ್ವಿ."

"ನೀವು ಸರಿಯಾಗಿ ನೋಡಿಲ್ಲ."

"ವರ್ಷಗಟ್ಟಲೆ ಪಕ್ಕದಲ್ಲೇ ನಿಂತಿದ್ದೆ ಕಣ್ರೀ!"

"ಗುಂಡು ಸುಳ್ಳು ಹೇಳುತ್ತಾ?" ಎಂದ ಕಟ್ಟಿನವನು. ಗುಂಡಿನ ಪ್ರಾಮಾಣಿಕತೆಯ ಬಗ್ಗೆ ಕ್ಲಬ್ಬಿನಲ್ಲಿ ಅನುಮಾನ ಪಡುವ ಹಾಗಿರಲಿಲ್ಲ.

ಕಟ್ಟಿನವನು ತನ್ನ ರಸಮಟ್ಟವನ್ನು ಜೇಬಿನಿಂದ ತೆಗೆದು, ವಾಲಿಸಿ ಹಿಡಿದಾಗ ಗುಳ್ಳೆ ನಡುವೆ ಬರುವ ಹಾಗೆ, ಕೋವಿಯ ಮೇಲೆ ಓರೆಯಾಗಿ ಅಂಟಿಸಿದ. ಕೋವಿಗೆ ಅಳತೆ ಸಿಕ್ಕಿತು. ಇನ್ನು ಉಳಿದದ್ದು ದೇಹ. ದೇವರು ಕೊಟ್ಟ ಕತ್ತು ನೇರವಾಗಿತ್ತು. ಅದನ್ನು ರೂಢಿಗೆ ತರಬೇಕಿತ್ತು. ಅಂದಿನಿಂದ ಅವನು ಊಟಕ್ಕೆ ಕೂತರೂ ವಾಲಿ, ಅಂಗಡಿಯಲ್ಲಿ ನಿಂತರೂ ವಾಲಿ, ದೇವರ ಮುಂದೆ ಕೈಮುಗಿದರೂ ವಾಲಿಯೇ ಕೈಮುಗಿಯತೊಡಗಿದ. ಹೆಂಡತಿ ಮೊದಲು ತನ್ನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡಳು.

"ಏನ್ರೀ ಅದು? ನಾನು ಮಾತಾಡ್ತಿದ್ರೆ ಕತ್ತು ಸೊಟ್ಟ ಮಾಡ್ಕೊಂಡು ನೋಡೋದು?"

"ಅಣ್ಣನ ಅಳತೆಗೆ ಬರ್ತಿದೀನಿ ಕಣೇ."

"ಯಾವ ಅಳತೆ?"

"ಅವನು ಹೋಗುವಾಗ ಇದ್ದ ಅಳತೆ."

ಗಂಡನ ಬಾಯಲ್ಲಿ ಇಂಥ ಮಾತು ಕೇಳಿದ ಹೆಂಡತಿ ಪಕ್ಕದ ಮನೆಗೆ ಓಡದೆ ಇನ್ನೇನು ಮಾಡಿಯಾಳು? ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಕಂಪೌಂಡರ್ ಇದ್ದರು. ಡಾಕ್ಟರ ಕೈಕೆಳಗೆ ಔಷಧಿ ಕಲೆಸುತ್ತ ಆಯುಷ್ಯ ಕಳೆದವರು. ಈಗ ಡಾಕ್ಟರೂ ಇಲ್ಲ, ಔಷಧಿಯೂ ಇಲ್ಲ, ಧೈರ್ಯ ಮಾತ್ರ ಉಳಿದಿತ್ತು. ಅವರು ಟಾರ್ಚು ಹಿಡಿದು ಬಂದು ಕಟ್ಟಿನವನ ಮುಖದ ಮುಂದೆ ಕೂತರು.

"ಎಡಗೈ ಎತ್ತಿ."

ಎತ್ತಿದ. ಇಡೀ ದಿನ ಕೋವಿಯ ಭಾರ ಹೊತ್ತ ಕೈ ನಡುಗಿತು. ಕಂಪೌಂಡರ್ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದರು.

"ಈಗ ನಗಿ."

ಕಟ್ಟಿನವನು ತುಟಿ ಎಳೆದು ನೋಡಿದ.

"ನಗಿ ಸ್ವಾಮಿ. ಬಾಯಿ ಎರಡೂ ಕಡೆ ಸಮವಾಗಿ ಏಳುತ್ತಾ ನೋಡಬೇಕು. ಅದೇ ದೊಡ್ಡ ಪರೀಕ್ಷೆ."

"ಆಗ್ತಿಲ್ಲ."

"ಯಾವಾಗಿನಿಂದ?"

"ಅಣ್ಣ ಹೋದಾಗಿನಿಂದ."

ಕಂಪೌಂಡರ್ ಟಾರ್ಚು ಆರಿಸಿದರು. "ಲಕ್ವ" ಎಂದರು. "ಅದೂ ಹಳೇದು. ಒಳಗೊಳಗೇ ಬೆಳೆದಿದೆ. ಅಳೋಕಾದ್ರೂ ಆಗುತ್ತಾ?"

"ಅದೂ ಆಗಿಲ್ಲ."

"ನೋಡಿದಿರೇನಮ್ಮ? ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಮುಖದ ನರ ಪೂರ್ತಿ ಹೋಗಿದೆ. ಅಣ್ಣನಿಗೆ ಬಂದದ್ದೇ ತಮ್ಮನಿಗೂ ಬಂದಿದೆ, ಮನೆತನದ್ದು ಇದು."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಟ್ಟಿನವನು ಇದು ಲಕ್ವ ಅಲ್ಲ, ಕೋವಿಯ ಲೆಕ್ಕ, ಕಿಂಡಿ ಬಲಕ್ಕಿರುವುದರಿಂದ ತಾನು ಎಡಕ್ಕಿರಬೇಕಾಗಿದೆ ಎಂದು ಬಿಡಿಸಿ ಹೇಳಿದ. ಕಂಪೌಂಡರ್ ಕನಿಕರದಿಂದ ತಲೆಯಾಡಿಸಿದರು. "ಮಾತು ತೊದಲ್ತಿಲ್ಲ, ಆದ್ರೆ ಅರ್ಥ ಹೋಗಿದೆ" ಎಂದು ಹೆಂಡತಿಗೆ ಮೆಲ್ಲಗೆ ಹೇಳಿದರು. ಅವರ ಮೆಲ್ಲಗೆ ಎಂದರೆ ಬೀದಿಯ ತುದಿಯವರೆಗೆ.

ಅದೇ ವಾರ ದೊಡ್ಡ ಕಚೇರಿಯಿಂದ ಕರೆ ಬಂತು. ಅಲ್ಲಿನ ಹಜಾರದಲ್ಲಿ ಹಿಂದಿನ ಸಾಹೇಬರುಗಳ ಫೋಟೋಗಳು ಸಾಲಾಗಿ ತೂಗುತ್ತಿದ್ದವು. ಎಲ್ಲರೂ ತೀರಿಹೋದವರು, ಎಲ್ಲರಿಗೂ ಕಟ್ಟು ಹಾಕಿದವನು ಕಟ್ಟಿನವನೇ, ಎಲ್ಲರೂ ನೂಲು ಹಿಡಿದ ಹಾಗೆ ನೆಟ್ಟಗಿದ್ದರು. ಈಗಿನ ಸಾಹೇಬರಿಗೆ ಅಷ್ಟು ದಿನ ಕಾಯುವ ತಾಳ್ಮೆ ಇರಲಿಲ್ಲ. ಬದುಕಿರುವಾಗಲೇ ಸಾಲಿನಲ್ಲಿ ಸೇರಬೇಕೆಂದು ಅವರಿಗೆ ಆಸೆಯಾಗಿತ್ತು. ಕಟ್ಟಿನವನು ಏಣಿ ಹತ್ತಿ ಮೊಳೆ ಹೊಡೆದು ಫೋಟೋ ತೂಗುಹಾಕಿದ. ಜೇಬಿಗೆ ಕೈ ಹಾಕಿದರೆ ರಸಮಟ್ಟ ಇಲ್ಲ. ಅದು ಕೋವಿಯ ಮೇಲಿತ್ತು. ಪರವಾಗಿಲ್ಲ ಎಂದು ಕಣ್ಣಳತೆಯಿಂದಲೇ ನೇರ ಮಾಡಿದ. ಅವನ ಕಣ್ಣು ಆಗ ಯಾವ ಕೋನದಲ್ಲಿತ್ತು ಎಂಬುದನ್ನು ಓದುಗರಿಗೆ ಬೇರೆ ಹೇಳಬೇಕಾಗಿಲ್ಲ.

ಸಾಹೇಬರು ಸಿಬ್ಬಂದಿಯನ್ನೆಲ್ಲ ಬೆನ್ನ ಹಿಂದೆ ಕಟ್ಟಿಕೊಂಡು ಬಂದರು. ತಲೆಯೆತ್ತಿ ನೋಡಿದರು. ಸತ್ತವರೆಲ್ಲ ನೆಟ್ಟಗಿದ್ದಾರೆ, ತಾವೊಬ್ಬರು ಕುಡಿದು ಮನೆಗೆ ಹೊರಟವರ ಹಾಗೆ ವಾಲಿದ್ದಾರೆ.

"ಏನಿದು?"

ಜವಾನ ಮುಂದೆ ಬಂದು, ತನ್ನ ತಲೆಯನ್ನು ಎಡಕ್ಕೆ ವಾಲಿಸಿ, "ಈ ಕಡೆಯಿಂದ ನೋಡಿದ್ರೆ ಬಹಳ ಚೆನ್ನಾಗಿದೆ ಸಾಹೇಬ್ರೇ" ಎಂದ. ಇದು ಗುಮಾಸ್ತರಿಗೆ ಒಳ್ಳೆಯ ದಾರಿಯಾಗಿ ಕಂಡಿತು. ಒಬ್ಬೊಬ್ಬರಾಗಿ ಎಲ್ಲರ ತಲೆಗಳೂ ಎಡಕ್ಕೆ ವಾಲಿದವು. "ಹೌದು ಸಾರ್." "ನೇರವಾಗೇ ಇದೆ ಸಾರ್." "ಉಳಿದವರೇ ಸ್ವಲ್ಪ ಸೊಟ್ಟಗಿದ್ದಾರೆ ಸಾರ್."

ಸಾಹೇಬರು ಏಣಿಯ ಮೇಲಿನವನನ್ನು ನೋಡಿದರು. "ನೀನೇನು ಹೇಳ್ತೀಯ?"

"ನೇರವಾಗೇ ಇದೆ ಸ್ವಾಮಿ" ಎಂದ ಕಟ್ಟಿನವನು ವಾಲಿಕೊಂಡೇ. ಅವನ ಬದುಕಿನಲ್ಲಿ ಗೋಡೆಯ ವಿಷಯದಲ್ಲಿ ಆಡಿದ ಮೊದಲ ಸುಳ್ಳು ಅದು. ಸುಳ್ಳೆಂದು ಅವನಿಗೇ ಗೊತ್ತಿರಲಿಲ್ಲ.

ಇಡೀ ಕಚೇರಿ ಒಂದೇ ಕಡೆ ವಾಲಿರುವಾಗ ತಾವೊಬ್ಬರೇ ನೆಟ್ಟಗಿರುವುದು ಸಾಹೇಬರಿಗೆ ಅಪಾಯದ ಸ್ಥಿತಿಯಾಗಿ ಕಂಡಿರಬೇಕು. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುದಿನ ಜವಾನ ಏಣಿ ಹತ್ತಿ ಉಳಿದ ಸಾಹೇಬರುಗಳನ್ನೂ ಎಡಕ್ಕೆ ವಾಲಿಸಿ ಬಂದನಂತೆ. ಸತ್ತವರು ಬೇಡವೆನ್ನಲಿಲ್ಲ.

ಲಕ್ವದ ಸುದ್ದಿ ಹೆಂಡತಿಯ ತವರಿಗೆ ಮುಟ್ಟಿತು. ಅವಳ ತಮ್ಮ, ಅಂದರೆ ಕಟ್ಟಿನವನ ಭಾವಮೈದುನ, ಹಾಸಿಗೆ ಸುತ್ತಿಕೊಂಡು ಬಂದಿಳಿದ. ಬಂದವನು ಭಾವನ ಮುಖ ನೋಡುವ ಮೊದಲು ಅಂಗಡಿಯ ಒಳಹೊರಗನ್ನು ನೋಡಿ, ಬಾಗಿಲು ಮುಚ್ಚುವ ಹಲಗೆಗಳನ್ನು ತಟ್ಟಿ ನೋಡಿ, ಆಮೇಲೆ ಹತ್ತಿರ ಬಂದು ಕೂತ.

"ಭಾವ, ನಿಮ್ಮದೊಂದು ಒಳ್ಳೇ ಫೋಟೋ ಇದೆಯಾ?"

"ಯಾಕೆ?"

"ಸುಮ್ನೆ. ಇರಲಿ ಅಂತ."

ಕಟ್ಟಿನವನು ಯೋಚಿಸಿದ. "ಮದುವೇದು ಇದೆ. ಆದ್ರೆ ಅದರಲ್ಲಿ ನಿಮ್ಮಕ್ಕ ಇದಾಳೆ."

"ಅದನ್ನ ಕತ್ತರಿಸಬಹುದು ಬಿಡಿ. ಕಟ್ಟು ಯಾವುದು ಹಾಕಿದ್ರೆ ಚೆನ್ನ? ಕಪ್ಪೋ, ಬಂಗಾರದ ಬಣ್ಣದ್ದೋ?"

ಕಸುಬಿನ ಪ್ರಶ್ನೆಗೆ ಕಸುಬಿನ ಉತ್ತರ ಕೊಡದೆ ಇರುವುದು ಅವನಿಂದಾಗದು. "ಸತ್ತವರಿಗೆ ಕಪ್ಪು ಕಟ್ಟು ಬೇಡ" ಎಂದ. "ಬೇಗ ಹಳೇದಾದ ಹಾಗೆ ಕಾಣುತ್ತೆ. ತೇಗದ ಬಣ್ಣ, ಸಣ್ಣ ಅಂಚು. ಅಣ್ಣನಿಗೆ ಅದನ್ನೇ ಹಾಕಿದ್ದು."

"ಹಾಗಾದ್ರೆ ಅದರದ್ದೇ ಜೋಡಿ ಒಂದು ಮಾಡಿಟ್ಟುಬಿಡಿ ಭಾವ. ನಿಮ್ಮ ಕೈಕೆಲಸ ಬೇರೆಯವರಿಗೆ ಬರೋದಿಲ್ಲ."

ಕಟ್ಟಿನವನು ಅಳತೆ ಪಟ್ಟಿ ಎತ್ತಿಕೊಂಡ. ಒಳಗಿನಿಂದ ಹೆಂಡತಿ ಬಂದು ಅದನ್ನು ಕಿತ್ತು ತಮ್ಮನ ಕಡೆಗೆ ಬೀಸಿದಳು. "ನಿನ್ನ ಬಾಯಿಗೆ ಮಣ್ಣು ಹಾಕ! ಅವರಿನ್ನೂ ಕೂತಿದಾರೆ ಕಣೋ!"

"ಕೂತಿದಾರೆ ಅಕ್ಕ, ಆದ್ರೆ ನೋಡು, ಎಷ್ಟು ವಾಲಿದಾರೆ!"

ಪಂದ್ಯದ ದಿನ ಬಂತು. ಅವನನ್ನು ಮನೆಯಲ್ಲೇ ಮಲಗಿಸಬೇಕೆಂದು ಕಂಪೌಂಡರ್ ಹಟ ಹಿಡಿದರು. ಕಟ್ಟಿನವನು ಕೋವಿ ಬಿಡಲಿಲ್ಲ. ಕೊನೆಗೆ ಕಂಪೌಂಡರ್ ಟಾರ್ಚು ಹಿಡಿದು, ಹೆಂಡತಿ ನೀರಿನ ತಂಬಿಗೆ ಹಿಡಿದು, ಭಾವಮೈದುನ ಮಡಚುವ ಕುರ್ಚಿ ಹಿಡಿದು ಅವನ ಹಿಂದೆ ಹೊರಟರು. ಬೀದಿಯವರು ಟೋಪಿ, ರುಮಾಲು ತೆಗೆದು ನಿಂತರು. ಅದು ಪಂದ್ಯಕ್ಕೆ ಹೊರಟ ಮೆರವಣಿಗೆಯೆಂದು ಯಾರಿಗೂ ಅನ್ನಿಸಲಿಲ್ಲ.

ಗೋದಾಮಿನಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಅತ್ತಿಗೆಯನ್ನು ಕೂರಿಸಿದ್ದರು. ಅವಳು ಮೈದುನನನ್ನು ಕಂಡು ಎದ್ದು ನಿಂತಳು. ಸುದ್ದಿ ಅವಳಿಗೂ ಮುಟ್ಟಿತ್ತು.

ಕಟ್ಟಿನವನು ತನ್ನ ಜಾಗದಲ್ಲಿ ನಿಂತು ಕೋವಿ ಏರಿಸಿದ, ವಾಲಿಸಿದ. ಗುಳ್ಳೆ ನಡುವೆ ಬಂತು. ಹೊಡೆದ. ಬೊಟ್ಟಿನ ನಟ್ಟನಡುವೆ, ಹತ್ತು ಅಂಕ. ಮತ್ತೆ ಹೊಡೆದ. ಮತ್ತೆ ಹತ್ತು. ಕೋಚು ಬಾಯಿ ತೆರೆದು ನೋಡಿದ. ಅಣ್ಣನ ಕೈ, ಎಂದುಕೊಂಡ ಕಟ್ಟಿನವನು. ಅಣ್ಣ ಎಲ್ಲೂ ಹೋಗಿಲ್ಲ; ಆ ತಿರುಪಿನ ಹಲ್ಲುಗಳ ನಡುವೆ, ಕಂದು ಕಾಗದದ ಒಳಗೆ, ಬೆರಳೊತ್ತಿಕೊಂಡು ಕೂತಿದ್ದಾನೆ. ತಾನು ಅವನಿದ್ದಲ್ಲಿಗೆ ಹೋದರೆ ಸಾಕು.

ಕೊನೆಯ ಗುಂಡಿಗೆ ಅವನು ಇನ್ನೂ ತುಸು ಹೆಚ್ಚಾಗಿಯೇ ವಾಲಿರಬೇಕು. ಕತ್ತಿನಲ್ಲಿ ಏನೋ ಕಳಕ್ ಎಂದಿತು. ಗುಳ್ಳೆ, ಬೊಟ್ಟು, ದೀಪ, ಗೋಡೆ ಎಲ್ಲವೂ ಒಂದು ಸುತ್ತು ತಿರುಗಿ ನಿಂತವು. ನಿಂತ ಬೊಟ್ಟಿಗೆ ಗುರಿಯಿಟ್ಟು ಹೊಡೆದ.

ಗುರಿಕಾಗದಗಳನ್ನು ತಂದು ನೋಡಿದ ಕೋಚು ಗಂಟಲು ಸರಿಮಾಡಿಕೊಂಡ. "ಕೊನೇದೂ ಹತ್ತೇ ಬಿದ್ದಿದೆ. ಸರಿಯಾಗಿ ನಡುವೆ. ಇಷ್ಟು ಚೆನ್ನಾಗಿ ಬಿದ್ದದ್ದು ಈ ಗೋದಾಮಿನಲ್ಲಿ ನಾನು ನೋಡಿಲ್ಲ." ಜನ ಚಪ್ಪಾಳೆ ತಟ್ಟಿದರು. "ಆದ್ರೆ ಅದು ಇವರ ಕಾಗದಕ್ಕಲ್ಲ. ಎಡಗಡೆಯವರ ಕಾಗದಕ್ಕೆ."

ಎಡಗಡೆ ನಿಂತಿದ್ದವನು ದಿನಸಿ ಅಂಗಡಿಯವನು. ಹುಟ್ಟಿದಾಗಿನಿಂದ ಹತ್ತು ಹೊಡೆಯದವನು. "ನನಗೇ ಇರಲಿ ಬಿಡಿ ಸ್ವಾಮಿ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡ. ಯಾರೋ ಕಿಸಕ್ಕನೆ ನಕ್ಕರು. ನಗು ಗೋದಾಮಿನ ತಗಡಿನ ಮಾಡಿಗೆ ಬಡಿದು ದೊಡ್ಡದಾಯಿತು. ಕಟ್ಟಿನವನು ಕತ್ತು ನೆಟ್ಟಗೆ ಮಾಡಲು ಹೋದ. ಆಗಲಿಲ್ಲ. ಇಷ್ಟು ದಿನ ಬೇಕೆಂದು ವಾಲಿದ್ದ ಕತ್ತು ಈಗ ನಿಜವಾಗಿ ಹಿಡಿದುಕೊಂಡಿತ್ತು.

ಕೋವಿ ಒರೆಸುವ ಸಣ್ಣ ಕೋಣೆಯಲ್ಲಿ ಅವನನ್ನು ಕೂರಿಸಿದರು. ಎಣ್ಣೆ ಬಟ್ಟೆಗಳ ವಾಸನೆ, ಒಂದು ಬೆಂಚು, ಗೋಡೆಗೆ ಹಳೆಯ ಗುರಿಕಾಗದಗಳು. ಅತ್ತಿಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಏನೋ ಇದು? ಲಕ್ವ ಅಂದ್ರು."

"ಲಕ್ವ ಅಲ್ಲ ಅತ್ತಿಗೆ." ಅವನು ಮತ್ತೊಮ್ಮೆ ಎಲ್ಲ ಹೇಳಿದ: ವಾಲಿಸುವುದು, ಕಿಂಡಿ, ಗುಳ್ಳೆ. "ಅಣ್ಣ ಇಟ್ಟುಹೋದ ಹಾಗೆ ಇರಬೇಕಿತ್ತು. ಅದೊಂದೇ ಉಳಿದದ್ದು. ಅವನ ಕೈ ಬಿಟ್ಟ ಜಾಗ. ಅದನ್ನ ಯಾರೂ ಮುಟ್ಟಬಾರದು ಅಂತ."

ಅತ್ತಿಗೆ ಕೋವಿಯನ್ನು ತೊಡೆಯ ಮೇಲೆ ಎಳೆದುಕೊಂಡು ಉಗುರಿನಿಂದ ಕಂದು ಕಾಗದವನ್ನು ಕೆರೆಯತೊಡಗಿದಳು.

"ಅತ್ತಿಗೆ, ಬೇಡ!"

"ಅವತ್ತು ಹೇಳೋಕೆ ಬಂದೆ. ನೀನು ಕೇಳಲಿಲ್ಲ." ಕಾಗದ ಸಿಪ್ಪೆಯಂತೆ ಎದ್ದು ಬಂತು. "ಇದನ್ನ ನಾನು ದಿನಾ ತಿರುಗಿಸ್ತಿದ್ದೆ ಕಣೋ. ಸಂಜೆಯಾದ್ರೆ ಆ ಕುರ್ಚೀಲಿ ಕೂತು ತಿರುಗಿಸ್ತಿದ್ದೆ. ಧೂಳು ಒರೆಸ್ತಿದೀನಿ ಅಂತ ನನಗೆ ನಾನೇ ಹೇಳಿಕೊಳ್ತಿದ್ದೆ. ಧೂಳೆಲ್ಲಿರುತ್ತೆ ಅದರಲ್ಲಿ."

"ಎಷ್ಟು ತಿರುಗಿಸಿದ್ರಿ?" ಅವನ ಸ್ವರ ಕೇಳಿಸದಷ್ಟು ತಗ್ಗಿತ್ತು.

"ಎಷ್ಟು ಅಂತ ಯಾರು ನೋಡಿದ್ರು? ಅತ್ಲಾಗೆ ಒಂದಿಷ್ಟು, ಇತ್ಲಾಗೆ ಒಂದಿಷ್ಟು. ಆ ಸದ್ದಿಲ್ಲದೆ ಮನೇಲಿ ಸಂಜೆ ಕಳೆಯೋದು ಹೇಗೆ? ನೀನು ಇದನ್ನ ತಗೊಂಡು ಹೋದ ಮೇಲೆ ನನಗೆ ನಿದ್ದೆಯೇ ಸರಿಯಾಗಿ ಹತ್ತಿಲ್ಲ." ಉಳಿದ ಅಂಟನ್ನು ಉಗುರಿನಿಂದ ಕೆರೆದಳು. "ಅವರೇ ಇದ್ದಾಗಲೂ ಎರಡು ದಿನ ಒಂದೇ ಕಡೆ ಇಟ್ಟವರಲ್ಲ ಅದನ್ನ."

ಕಟ್ಟಿನವನು ತಿರುಪನ್ನು ನೋಡಿದ. ಹಾಗಾದರೆ ಅಲ್ಲಿ ಅಣ್ಣ ಇರಲಿಲ್ಲ. ಯಾವತ್ತೋ ಹೋಗಿದ್ದ, ಸದ್ದು ನಿಂತ ಸಂಜೆಯೇ ಹೋಗಿದ್ದ. ಅತ್ತಿಗೆಯ ಬೆರಳು ಬೇಸರಕ್ಕೆ ತಿರುಗಿಸಿ ಬಿಟ್ಟ ಜಾಗವನ್ನು ಅಣ್ಣನ ಜಾಗವೆಂದು ತಿಳಿದು ತಾನು ಲೋಕಕ್ಕೆ ಸೊಟ್ಟಗಾಗಿದ್ದ. ಅವಳು ತಿರುಪನ್ನು ಹಿಡಿದು ತಿರುಗಿಸಿದಳು.

ಟಕ್.

ಕಟ್ಟಿನವನ ಗಂಟಲಿನಿಂದ ಒಂದು ವಿಚಿತ್ರ ಶಬ್ದ ಬಂತು. ಟಕ್, ಟಕ್. ಅವನು ಎರಡು ಕೈಗಳಿಂದಲೂ ಮುಖ ಮುಚ್ಚಿಕೊಂಡ; ಮುಚ್ಚಿದ ಕೈ ಸಾಲಲಿಲ್ಲ. ಮೊಳೆ ಹೊಡೆದ ದಿನ ಬರದೆ ನಿಂತದ್ದೆಲ್ಲ ಈಗ ಬಂತು. ದೊಡ್ಡ ಗಂಡಸು ಬೆಂಚಿನ ಮೇಲೆ ಕೂತು ಬಾಯಿ ಬಿಟ್ಟು ಅತ್ತ. ಅತ್ತಿಗೆ ಅವನನ್ನು ಸಮಾಧಾನ ಮಾಡಲಿಲ್ಲ. ತಿರುಗಿಸುತ್ತಲೇ ಇದ್ದಳು.

ಸದ್ದು ಕೇಳಿ ಕಂಪೌಂಡರ್ ಟಾರ್ಚು ಹಿಡಿದು ಒಳಗೆ ನುಗ್ಗಿದರು. ಅವನ ಗಲ್ಲ ಹಿಡಿದೆತ್ತಿ, ಅಳುವ ಬಾಯಿಗೆ ಬೆಳಕು ಬಿಟ್ಟು, ಎಡಗಡೆ ನೋಡಿದರು, ಬಲಗಡೆ ನೋಡಿದರು. ಮತ್ತೊಮ್ಮೆ ಎಡಗಡೆ ನೋಡಿದರು.

"ಎರಡೂ ಕಡೆ ಸಮವಾಗಿ ಇಳಿದಿದೆ!" ಎಂದು ಬಾಗಿಲ ಕಡೆ ತಿರುಗಿ ಕೂಗಿದರು. "ಲಕ್ವ ಅಲ್ಲಮ್ಮ! ಅಳ್ತಾ ಇದಾರೆ! ಬಹಳ ಚೆನ್ನಾಗಿ ಅಳ್ತಾ ಇದಾರೆ!"

ಹೊರಗೆ ಹೆಂಡತಿ ದೇವರನ್ನು ನೆನೆದಳು. ಭಾವಮೈದುನ ಮಡಚುವ ಕುರ್ಚಿಯನ್ನು ಮಡಚಿದ.

ಕೋವಿ ಈಗ ಅತ್ತಿಗೆಯ ಮನೆಯಲ್ಲೇ ಇದೆ. ಕಟ್ಟಿನವನ ಕತ್ತು ಎಣ್ಣೆ ತಿಕ್ಕಿ ತಿಕ್ಕಿ ಸರಿಹೋಯಿತು. ರಸಮಟ್ಟ ಜೇಬಿಗೆ ಮರಳಿತು. ಕೆಲಸ ಮುಗಿಸಿ ಬರುವಾಗ ಅವನು ಅತ್ತಿಗೆಯ ಮನೆಯ ಕಡೆಯಿಂದಲೇ ಬರುತ್ತಾನೆ. ಒಳಗೆ ಟಕ್ ಟಕ್ ಎಂದು ಕೇಳಿಸುತ್ತಿದ್ದರೆ ಬಾಗಿಲು ತಟ್ಟುವುದಿಲ್ಲ. ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತು, ಗೋಡೆಗೆ ಕಿವಿಗೊಟ್ಟು, ಅದು ನಿಲ್ಲುವವರೆಗೆ ಕೇಳುತ್ತಾನೆ. ಹಾಗೆ ಕೂತಾಗ ಅವನ ಕತ್ತು ತಾನಾಗಿ ಎಡಕ್ಕೆ ವಾಲುತ್ತದೆ.

ದಾರಿಯಲ್ಲಿ ಹೋಗುವವರು ನೋಡಿ ದನಿ ತಗ್ಗಿಸುತ್ತಾರೆ. "ಪಾಪ, ಇನ್ನೂ ಪೂರ್ತಿ ವಾಸಿಯಾಗಿಲ್ಲ."